ಬೀದರಿನ ಕರಾವಳಿ

ಬೀದರಿನ ಚಿದ್ರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಬೂಟುಗಳು ಎರಡು ವಾರದಿಂದ ತೊಳೆಸಿಕೊಳ್ಳದೆ ಕೂತಿವೆ. ನಾನು ಕರಾವಳಿಯಲ್ಲಿ ನಾಲ್ಕು ದಿನ ನಡೆದು ಮನೆಗೆ ಬಂದ ದಿನ, ಅವಕ್ಕೆ ಮೆತ್ತಿದ್ದ ಕೆಂಪು ಧೂಳು ನೋಡಿ ನನ್ನ ಹೆಂಡತಿ ಕೇಳಿದಳು: "ಸಮುದ್ರಕ್ಕ ಹೋಗಿದ್ರೋ, ಇಲ್ಲೇ ಕಿಲ್ಲಾ ಹಿಂದ ಅಡ್ಡಾಡಿ ಬಂದ್ರೋ?"

ಅವಳ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಬೈಂದೂರಿನ ಕಡೆ ಸಮುದ್ರಕ್ಕೆ ಎದೆಯೊಡ್ಡಿ ನಿಂತ ಬಂಡೆಯ ದಂಡೆ ಇದೆಯಲ್ಲ, ಅದರ ಕಲ್ಲು ನಮ್ಮ ಬೀದರಿನ ಕಲ್ಲಿನಂತೆಯೇ ಕೆಂಪು, ತೂತುತೂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವ ಊರಿನದು ಎಂದು ನನಗೂ ಹೇಳಲಾಗದು. ಆದರೆ ಅವಳ ಮಾತಿಗೆ ನಾನು ನಗಲಿಲ್ಲ, ನನಗೆ ನಾಚಿಕೆಯಾಯಿತು. ಆ ದಾರಿಯನ್ನು ನಾನು ಮಾಣಿಕರಾವ್ ಗುರುಜಿಯವರ ಜೊತೆ ನಡೆಯಬೇಕಿತ್ತು. ಅವರಿಗೆ ಒಂದು ಮಾತೂ ಹೇಳದೆ ನಡೆದು ಬಂದುಬಿಟ್ಟಿದ್ದೆ.

ಗುರುಜಿ ಅಂದರೆ ಯಾರು ಎಂದು ಹೇಳಿಬಿಡುತ್ತೇನೆ. ಊರಂಚಿನ ಸಾಲೆಯೊಂದರಲ್ಲಿ ಅವರು ಭೂಗೋಳದ ಮಾಸ್ತರರಾಗಿದ್ದರು, ನಾನು ಅವರಿಗಿಂತ ಹತ್ತು ವರ್ಷ ಚಿಕ್ಕವನಾದ ಗಣಿತದ ಮಾಸ್ತರ. ಗುರುಜಿ ಜನವಾಡದ ಬೌದ್ಧ ಮನೆತನದವರು. ಅವರ ಅಪ್ಪ ಆ ಮನೆಯಲ್ಲಿ ಮೊದಲು ಅಕ್ಷರ ಕಲಿತವರು, ಇವರು ಮೊದಲು ಕಲಿಸಿದವರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಅಂಗಿಯ ತೋಳನ್ನು ಸರಿಯಾಗಿ ಎರಡು ಮಡಿಕೆ ಮಡಿಚಿ, ಕೊಡೆ ಹಿಡಿದು ಹೊರಟರೆಂದರೆ ಹಿಂದೆ ಬಿದ್ದವರಿಗೆ ಉಸಿರು ಸಿಗುತ್ತಿರಲಿಲ್ಲ. ಬಸ್ಸಿನ ಮೇಲೆ ಅವರಿಗೆ ಏನೋ ವೈರ. "ಬಸ್ಸಿನ್ಯಾಗ ಕುಂತ್ರ ಊರು ಬರ್ತದ್ರಿ, ದಾರಿ ಬರೂದಿಲ್ಲ," ಎನ್ನುತ್ತಿದ್ದರು.

ರವಿವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ಹೋಗುವರು. ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದು ಕಬ್ಬಿನ ಹೊಲಗಳ ನಡುವೆ ಮಧ್ಯಾಹ್ನದವರೆಗೆ ನಡೆದದ್ದಿದೆ. ಮಾಂಜ್ರಾ ನದಿ ದಾಟಿ ಔರಾದ ಕಡೆಗೆ ಹೋದಾಗ ಒಂದು ಊರಲ್ಲಿ ಕನ್ನಡದಲ್ಲಿ ನೀರು ಕೇಳಿ, ಮುಂದಿನ ಊರಲ್ಲಿ ಮರಾಠಿಯಲ್ಲಿ ಮಜ್ಜಿಗೆ ಕುಡಿದದ್ದಿದೆ. ಒಮ್ಮೆ ನನ್ನ ಚಪ್ಪಲಿ ಕಿತ್ತು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಅವರ ಕರವಸ್ತ್ರ ಕಟ್ಟಿಕೊಂಡು ಔರಾದ ಪೇಟೆಗೆ ಮೆರವಣಿಗೆ ಹೊರಟವನಂತೆ ಬಂದಿದ್ದೆ. ಅಂಗಡಿಯ ಚಾಚಾ ಒಬ್ಬರು ಹೊಸ ಜೋಡು ತೆಗೆಯುತ್ತ, "ಮಾಸ್ಟರ್ ಸಾಬ್, ಒಂದೇ ಕಾಲಿಗಿ ಬೇಕೇನ್ರಿ?" ಎಂದದ್ದನ್ನು ಗುರುಜಿ ವರ್ಷಗಟ್ಟಲೆ ಎಲ್ಲರಿಗೂ ಹೇಳಿ ನಗಿಸಿದರು.

ಆದರೆ ಅವರ ನಿಜವಾದ ದಾರಿ ಬೇರೆಯಿತ್ತು. ನೀವು ಬೀದರಿಗೆ ಬಂದಿದ್ದರೆ ಕಂಡಿರುತ್ತೀರಿ, ಊರಿರುವುದು ಒಂದು ಕೆಂಪು ಹಾಸಿನ ಮೇಲೆ. ಬಡಗಣಕ್ಕೆ ನಡೆಯುತ್ತ ಹೋದರೆ ನೆಲ ಫಕ್ಕನೆ ಮುಗಿಯುತ್ತದೆ. ಕೆಳಗೆ ಕಣ್ಣು ಹರಿಯುವವರೆಗೂ ಹೊಲ. ಶ್ರಾವಣದಲ್ಲಿ ಉದ್ದು, ಹೆಸರು ಎದ್ದು ನಿಂತಾಗ ಗಾಳಿ ಬೀಸಿದರೆ ಹಸಿರು ಒಂದು ತುದಿಯಿಂದ ಇನ್ನೊಂದು ತುದಿಗೆ ಮಗ್ಗಲು ಬದಲಿಸುತ್ತ ಬರುತ್ತದೆ. ಎಂಟನೆಯ ಇಯತ್ತೆಯ ಮಕ್ಕಳನ್ನು ಗುರುಜಿ ಅಲ್ಲಿಗೆ ಕರೆದೊಯ್ದು ಸಾಲಾಗಿ ಕೂರಿಸುತ್ತಿದ್ದರು.

"ಇದು ಸಮುದ್ರ. ನಾವು ಕುಂತಿದ್ದು ದಂಡಿ. ಅಲ್ಲಿ ಮೂಗ ಹೊರಗ ಚಾಚಿ ನಿಂತದಲ್ಲ ಬಂಡಿಗಲ್ಲು, ಅದು ಭೂಶಿರ. ಇಲ್ಲಿ ಒಳಗ ಬಾಗ್ಯದ, ಇದು ಕೊಲ್ಲಿ. ನಡು ಹೊಲದಾಗ ಆ ಗುಡ್ಡ ಕಾಣ್ತದೇನು? ಅದೇ ದ್ವೀಪ."

"ಸರ್, ಜನವಾಡ ಬಸ್ ಹೊಂಟದ್ರಿ!" ಎಂದು ಯಾರೋ ಕೂಗುವರು.

"ಹಡಗಂತ ತಿಳಕೋ."

ಆಮೇಲೆ ಎಲ್ಲರೂ ಕಾಲುದಾರಿ ಹಿಡಿದು ಆ ಸಮುದ್ರದೊಳಕ್ಕೇ ಇಳಿದು, ಬದುವಿನ ಮೇಲೆ ನಡೆಯುತ್ತ ಜನವಾಡ ಮುಟ್ಟುವರು. ನಾನು ಎಷ್ಟೋ ಮಾಸ್ತರರನ್ನು ನೋಡಿದ್ದೇನೆ. ಇಲ್ಲದ ಸಮುದ್ರವನ್ನು ಮಕ್ಕಳ ಕಾಲಿಗೆ ಮುಟ್ಟಿಸಿದ ಇನ್ನೊಬ್ಬರನ್ನು ನೋಡಲಿಲ್ಲ.

ಅವರೂ ಸಮುದ್ರ ನೋಡಿದವರಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಗುರುಜಿ ರಜೆಯ ಮೇಲಿದ್ದರು. ಭೂಗೋಳದ ಪೇಪರುಗಳು ನನ್ನ ಪಾಲಿಗೆ ಬಂದವು. ಗಣಿತದವನಿಗೆ ಗೊತ್ತಲ್ಲ, ಒಂದು ಪ್ರಶ್ನೆಗೆ ಒಂದೇ ಉತ್ತರ. "ಕರಾವಳಿಯ ಬೆಳೆಗಳು ಯಾವುವು?" ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ ಭತ್ತ, ತೆಂಗು, ಅಡಿಕೆ. ಜನವಾಡದಿಂದ ಬರುತ್ತಿದ್ದ ಸುನಂದಾ ಎಂಬ ಹುಡುಗಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: "ಕರಾವಳಿಯಲ್ಲಿ ಉದ್ದು ಮತ್ತು ಹೆಸರು ಬೆಳೆಯುತ್ತಾರೆ. ನಾವು ಅದರಲ್ಲಿ ನಡೆದಿದ್ದೇವೆ."

ನಾನು ಕೆಂಪು ಪೆನ್ನಿನಿಂದ ದೊಡ್ಡದೊಂದು ಸೊನ್ನೆ ಎಳೆದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕರೆಂದು ನಾನು ಇನ್ನೊಮ್ಮೆ ಓದಿದೆ. ಎರಡನೆಯ ಸಲ ಓದುವಾಗ, ರಜೆ ಮುಗಿಸಿ ಬಂದ ಗುರುಜಿ ಬಾಗಿಲಲ್ಲಿ ಕೊಡೆ ಮಡಿಚುತ್ತ ನಿಂತಿದ್ದರು.

ಅವರು ನನ್ನ ಕೈಯಿಂದ ಪೇಪರು ಇಸಿದುಕೊಂಡು ಸೀದಾ ತರಗತಿಗೆ ಹೋದರು. ನಾನು ಹಿಂದೆಯೇ ಹೋಗಿ ಕಿಟಕಿಯ ಹತ್ತಿರ ನಿಂತೆ.

"ಮಕ್ಕಳೆ, ಸುನಂದಾಂದು ತಪ್ಪಿಲ್ಲ, ತಪ್ಪು ನಂದು. ನಾ ಸಮುದ್ರ ನೋಡಿಲ್ಲ. ನೋಡಿಲ್ದೆ ತೋರಿಸ್ದೆ. ಖುದ್ದ ನೋಡಿ ಬರೂ ತನಾ ನಿಮಗ ದಂಡಿಗಿ ಒಯ್ಯೂದಿಲ್ಲ."

ಸುನಂದಾ ತಲೆ ಬಗ್ಗಿಸಿ ಕೂತಿದ್ದಳು. ಅವತ್ತೇ ಸಂಜೆ ನಾನು ಗುರುಜಿಯವರ ಬೆನ್ನು ಹತ್ತಿ, "ಸೂಟಿ ಬಿದ್ದ ಕೂಡ್ಲೆ ನಾನೇ ನಿಮಗ ಸಮುದ್ರಕ್ಕ ಕರ್ಕೊಂಡು ಹೋಗ್ತೇನಿ ಗುರುಜಿ," ಎಂದೆ.

"ಹೋಗೋಣಂತ್ರಿ," ಎಂದರು.

ಆ ಸೂಟಿಯಲ್ಲಿ ಜನಗಣತಿ ಬಂತು. ಮುಂದಿನದರಲ್ಲಿ ನನ್ನ ಮಗಳು ಹುಟ್ಟಿದಳು. ಆಮೇಲೆ ಚುನಾವಣೆ, ಆಮೇಲೆ ಈ ಮನೆ ಕಟ್ಟಿದ್ದು. ಕಾರಣಗಳಿಗೇನು ಬರ, ಹುಡುಕುವವನು ನಾನೇ ಆಗಿದ್ದೆ. ಅವರು ನಿವೃತ್ತರಾದರು, ನಾನೂ ಆದೆ, ಅಷ್ಟರಲ್ಲಿ ಅವರ ಮೊಣಕಾಲು ಹೋದವು. ಮಕ್ಕಳು ದಂಡೆಗೆ ಹೋಗುವುದು ಅಂದು ನಿಂತದ್ದು ನಿಂತೇ ಹೋಯಿತು. ಬೇಕೆಂದಿದ್ದರೆ ಅವರು ಒಬ್ಬರೇ ಹೋಗಿ ಸಮುದ್ರ ನೋಡಿ ಬರಬಹುದಿತ್ತು. ಮಾತು ಕೊಟ್ಟವನನ್ನು ಬಿಟ್ಟು ಹೋಗುವುದು ಅವರ ಸ್ವಭಾವದಲ್ಲಿರಲಿಲ್ಲ. ಅದು ನನ್ನ ಸ್ವಭಾವದಲ್ಲಿತ್ತು. ಈ ವರ್ಷ ಶಿವರಾತ್ರಿ ಮುಗಿದ ಮೇಲೆ ನಮ್ಮ ನಿವೃತ್ತರ ಗುಂಪು ಕರಾವಳಿಯ ನಡಿಗೆಗೆ ಹೊರಟಿತು, ನಾನು ಬೂಟು ಕೊಂಡು ಹೊರಟೆ.

ಆ ದಾರಿಯ ಚೆಂದವನ್ನು ಹ್ಯಾಗೆ ಹೇಳಲಿ! ಬಂಡೆಯ ನೆತ್ತಿಯ ಮೇಲೆ ಕಾಲುದಾರಿ, ಕೆಳಗೆ ನೀರು ಬಂದು ಬಂದು ಕಲ್ಲಿಗೆ ಅಪ್ಪಳಿಸುತ್ತಿತ್ತು. ಜೊತೆಯವರು ಫೋಟೋ ತೆಗೆಯುತ್ತಿದ್ದರೆ ನಾನು ಬಾಯ್ಬಿಟ್ಟುಕೊಂಡು ನಿಂತಿದ್ದೆ. ಅಲ್ಲಿ ಭೂಶಿರ, ಇಲ್ಲಿ ಕೊಲ್ಲಿ, ಅಗೋ ದ್ವೀಪ. ಒಂದನ್ನೂ ಯಾರೂ ನನಗೆ ತೋರಿಸಬೇಕಾಗಲಿಲ್ಲ. ಎಲ್ಲವನ್ನೂ ಯಾರೋ ಗುರುಜಿ ಹೇಳಿದಂತೆಯೇ ತಂದಿಟ್ಟ ಹಾಗಿತ್ತು. ಅಷ್ಟು ದೊಡ್ಡ ನೀರಿನ ಮುಂದೆ ನಿಂತು ನನಗೆ ನೆನಪಾದದ್ದು ಅವರ ಮಡಿಚಿದ ತೋಳು.

ಮೂರನೆಯ ದಿನ ದಾರಿ ದಂಡೆ ಬಿಟ್ಟು ಒಳಗೆ ತಿರುಗಿತು. ತೆಂಗಿನ ತೋಟ ದಾಟಿದರೆ ಭತ್ತ ಕೊಯ್ದ ಗದ್ದೆಗಳು. ಸಮುದ್ರದ ಸದ್ದು ಇನ್ನೂ ಕೇಳುತ್ತಿತ್ತು. ಒಂದು ಗದ್ದೆಯಲ್ಲಿ ಮೊಣಕಾಲೆತ್ತರಕ್ಕೂ ಬಾರದ, ನನಗೆ ಚೆನ್ನಾಗಿ ಗುರುತಿರುವ ಎಲೆಯ ಗಿಡಗಳು. ಮುದುಕಿಯೊಬ್ಬರು ಕೂತು ಅವನ್ನು ಕೀಳುತ್ತಿದ್ದರು. ನನ್ನ ಕಣ್ಣನ್ನು ನಾನೇ ನಂಬದೆ ಕೇಳಿದೆ: "ಇದು ಏನು ಬೆಳಿ ಅದ್ರಿ ಅಮ್ಮಾ?"

"ಉದ್ದ್ ಅಲ್ದಾ ಮಾರಾಯ್ರೆ. ಭತ್ತ ಕೊಯ್ದ್ ಮೇಲ್ ಹಾಕೂದ್. ಆಚಿ ಗದ್ದೆಗ್ ಹೆಸ್ರ್ ಇತ್ತ್."

ನಾನು ಬದುವಿನ ಮೇಲೆ ಕೂತುಬಿಟ್ಟೆ. ಕಾಲು ನೋವೆಂದುಕೊಂಡು ಆಕೆ ಪಾಪ ಕುಡಿಯಲು ನೀರು ಕೊಟ್ಟರು. ಕೇಳಿ ಒಂದು ಹಿಡಿ ಉದ್ದಿನ ಕಾಯಿ ಇಸಿದುಕೊಂಡೆ.

ಬೀದರಿಗೆ ಬಂದ ಮೂರನೆಯ ದಿನ ಧೈರ್ಯ ಮಾಡಿ, ಅದೇ ಬೂಟು ಹಾಕಿಕೊಂಡು ಜನವಾಡಕ್ಕೆ ಹೋದೆ. ಗುರುಜಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಬೂಟು ನೋಡಿ, "ಹೋಗಿ ಬಂದ್ರೇನು ಮಾಸ್ತರ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ತಪ್ಪಾಯ್ತ್ರಿ ಗುರುಜಿ. ನಿಮಗ ಬಿಟ್ಟು ಹೋಗಬಾರದಿತ್ತು."

"ಹ್ಯಾಂಗದ?"

"ನೀವು ಹೇಳಿದಂಗೇ ಅದ್ರಿ," ಎಂದು ಕಾಯಿಗಳನ್ನು ಅವರ ಅಂಗೈಗೆ ಹಾಕಿದೆ. "ಇವು ಸಮುದ್ರದ ಮಗ್ಗಲಿಂದು."

ಅವರು ಒಂದು ಕಾಯಿ ಬಿಡಿಸಿದರು. ಕಪ್ಪು ಕಾಳು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ.

"ಹಂಗಾದ್ರ ಆ ಸೊನ್ನಿ ತಿದ್ರಿ," ಎಂದರು.

"ಪೇಪರ್ ಎಲ್ಲದ ಗುರುಜಿ ಈಗ?"

"ಹುಡಗಿ ಅದಾಳಲ್ಲ."

ಸುನಂದಾ ಈಗ ಭಾಲ್ಕಿಯಲ್ಲಿ ಭೂಗೋಳದ ಟೀಚರ್. ಗುರುಜಿಯವರ ಫೋನಿನಿಂದಲೇ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಸರ್, ನೀವು ಸ್ಟಾಫ್ ರೂಮಿನ್ಯಾಗ ಓದಿದ್ದು ನಮಗ ಹೊರಗ ಕೇಳಸ್ತಿತ್ತು. ತಿದ್ದೂದೂ ಎಲ್ಲರ ಮುಂದನೇ ತಿದ್ರಿ," ಎಂದಳು.

ಮೊನ್ನೆ ರವಿವಾರ ಅವಳು ತನ್ನ ಎಂಟನೆಯ ಇಯತ್ತೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದಳು. ಜನವಾಡದಿಂದ ಗುರುಜಿಯವರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು, ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಬೇಸಿಗೆಯ ಬಾಯಿ, ಕೆಳಗೆ ಹಸಿರಿರಲಿಲ್ಲ, ಜೋಳ ಕೊಯ್ದ ಕರಿನೆಲ. ನಾನು ಮಕ್ಕಳ ಮುಂದೆ ನಿಂತು ನನ್ನ ಸೊನ್ನೆಯ ಕಥೆ ಹೇಳಿದೆ. ಒಬ್ಬಳು ಕೈ ಎತ್ತಿ, "ಈಗ ನಮ್ಮ ಟೀಚರಿಗಿ ಎಷ್ಟು ಮಾರ್ಕ್ಸ್ ಸರ್?" ಎಂದು ಕೇಳಿದಳು. ಪೂರ್ತಿ ಎಂದೆ. ಎಲ್ಲರೂ ನಕ್ಕರು, ಸುನಂದಾ ಎಲ್ಲರಿಗಿಂತ ಗಟ್ಟಿಯಾಗಿ. ಗುರುಜಿ ಕೊಡೆಯ ತುದಿ ಎತ್ತಿ ಅಂಚಿನಾಚೆ ತೋರಿಸಿದರು.

"ಮಕ್ಕಳೆ, ಇದು ಸಮುದ್ರ."

ಮಕ್ಕಳು ಸುನಂದಾಳ ಹಿಂದೆ ಕಾಲುದಾರಿ ಇಳಿದರು. ಕೊನೆಗೆ ನಾನೂ ಇಳಿದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಗುರುಜಿ ಕುರ್ಚಿಯಲ್ಲಿ ಕೂತೇ, ನಾವು ಸರಿಯಾದ ದಾರಿ ಹಿಡಿದೆವೋ ಇಲ್ಲವೋ ಎಂದು ಕೊಡೆ ಬೀಸಿ ಹೇಳುತ್ತಿದ್ದರು.

ಇವತ್ತು ಬೆಳಿಗ್ಗೆ ಹೆಂಡತಿ ಬಕೆಟ್ಟಿನಲ್ಲಿ ನೀರು ತಂದು ಬೂಟಿನ ಪಕ್ಕ ಇಟ್ಟಳು. ಈಗ ಅವುಗಳ ಮೇಲೆ ಎರಡು ದಂಡೆಗಳ ಧೂಳಿದೆ, ಯಾವುದು ಎಲ್ಲಿಯದೆಂದು ತಿಳಿಯುವುದಿಲ್ಲ. "ಇರಲಿ ಬಿಡು, ರವಿವಾರ ಮತ್ತ ದಂಡಿಗಿ ಹೋಗೂದದ," ಎಂದೆ.