ಬಾಬಾಜಿ ಕಾರಿನ ಬೆನ್ನಿಗೆ ದನಿ ಕಟ್ಟಿದ್ದು

ಹಳಿಯಾಳದಲ್ಲಿ ನಮ್ಮ ಸೋದರಮಾವ ಕರಿಬಸಪ್ಪನವರ ಕಾರನ್ನು ನೋಡಿ ನಗದವರಿರಲಿಲ್ಲ. ಅದರ ಡ್ರೈವರ್ ಬಾಬಾಜಿಯ ಎದುರಿಗೆ ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ದಾಂಡೇಲಿಯ ಕಟ್ಟಿಗೆ ಗುತ್ತಿಗೆದಾರನೊಬ್ಬನಿಂದ ಮಾವ ಕೊಂಡು ತಂದಿದ್ದ ಆ ಹಳೇ ಕಾರಿಗೆ ತಗಡಿನ ಚಾವಣಿ ಇರಲಿಲ್ಲ. ದಪ್ಪ ಬಟ್ಟೆಯ ಹುಡ್ಡು. ಬೇಡವಾದಾಗ ಮಡಚಿ, ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆಯ ಮೇಲೆ ಇಡಬೇಕು. ಗೋವಿನಜೋಳದ ವ್ಯಾಪಾರಿಗೆ ಇಂಥ ಶೋಕಿ ಯಾಕೆ ಎಂದು ಅತ್ತೆ ಗಿರಿಜಾಬಾಯಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಆದರೆ ಮದುವೆಯ ಮೆರವಣಿಗೆಗೆ ಅದನ್ನು ಮೀರಿಸುವ ಕಾರು ತಾಲೂಕಿನಲ್ಲೇ ಇರಲಿಲ್ಲ.

ಬಾಬಾಜಿ ಸಿದ್ದಿ ಜನಾಂಗದವನು. ಊರಾಚೆ ಕಾಡಿನಂಚಿನ ಸಿದ್ದಿ ಕೇರಿಯಲ್ಲಿ ಅವನ ಮನೆ. ಕ್ಯಾಸಲ್‌ರಾಕ್ ಕಡೆಯ ಘಟ್ಟದಲ್ಲಿ ಕಟ್ಟಿಗೆ ಲಾರಿಗೆ ಕ್ಲೀನರಾಗಿ ಸೇರಿ, ಬೈಸಿಕೊಳ್ಳುತ್ತ ಡ್ರೈವರಾದ. ಆಮೇಲೆ ಊರವರಿಗೆಲ್ಲ ಬೈಯುತ್ತ ಮೆಕ್ಯಾನಿಕ್ಕೂ ಆದ. ಸುಮ್ಮನಿರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಒಂದು ನಟ್ಟು ಬಿಗಿದರೂ, "ಇಂಥಾ ಕೆಲಸಾ ಮಾಡಾಕ ಬೆಳಗಾವ್ಯಾಗೂ ಮಂದಿ ಇಲ್ರಿ," ಅನ್ನುತ್ತಿದ್ದ. ಬೆಳಗಾವಿಯನ್ನು ಅವನು ನೋಡಿಯೇ ಇರಲಿಲ್ಲ. ಬಡಾಯಿ ಕೊಚ್ಚಬೇಡ ಎಂದು ನಾನೇ ಎಷ್ಟೋ ಸಲ ಗದರಿಸಿದ್ದೇನೆ. ಮಾವನ ಮನೆಯಲ್ಲಿದ್ದು ಸಾಲೆ ಕಲಿಸುತ್ತಿದ್ದ ನನಗೆ ಗದರಿಸುವ ಚಟ ಬೇರೆ ಇತ್ತು. ಆದರೂ ಹೇಳುತ್ತೇನೆ, ಅವನಷ್ಟು ದೊಡ್ಡ ಮನಸ್ಸಿನ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಅದು ತಿಳಿದದ್ದು ಎಂಬತ್ನಾಲ್ಕರಲ್ಲಿ, ಅವನ ತಂಗಿ ಗಂಗೂಳ ಮದುವೆಯಲ್ಲಿ.

ಅವರಪ್ಪ ದಮ್ಮಾಮ ಬಾರಿಸುವುದರಲ್ಲಿ ಹೆಸರಾದವರು. ಮರದ ಬೊಡ್ಡೆಯ ಒಳಗನ್ನು ಕೊರೆದು, ಎರಡೂ ಬಾಯಿಗೆ ಚರ್ಮ ಬಿಗಿದ ವಾದ್ಯವದು. ಮುದುಕ ಬಲಗೈಯ ಕೋಲಿನಿಂದ ಚುರುಕು ಪೆಟ್ಟು ಹಾಕುತ್ತ, ಎಡ ಅಂಗೈಯಿಂದ ಗುಂ ಎನ್ನುವ ದನಿ ತೆಗೆದರೆಂದರೆ ಹೆಂಗಸರು ಒಲೆಯ ಮೇಲಿನ ಸಾರು ಬಿಟ್ಟು ಕುಣಿಯಲು ಬರುತ್ತಿದ್ದರು. ಮದುವೆಯ ಹಿಂದಿನ ವರ್ಷ ಲಕ್ವ ಹೊಡೆದು ಆ ಬಲಗೈ ಬಿದ್ದುಹೋಯಿತು. ದಮ್ಮಾಮ ಗೋಡೆ ಸೇರಿತು.

ಕೇರಿಯಲ್ಲಿ ಬಾರಿಸುವವರು ಬೇರೆ ಇದ್ದರು. ಆದರೆ ಗಂಗೂ ಅಣ್ಣನಿಗಿಂತ ಹಟಮಾರಿ. "ಅಪ್ಪ ಬಾರಸಲಾರದ ನಾ ಈ ಹೊಸ್ತಲಾ ದಾಟಂಗಿಲ್ಲ," ಅಂದಳು. ಎಡಗೈ ಒಂದರಲ್ಲೇ ಬಾರಿಸು ಎಂದರೆ ಮುದುಕ ಒಪ್ಪಲಿಲ್ಲ. "ಅರ್ಧಾ ಬಾರಸೂದು ಬಾರಸೂದಲ್ಲ. ಮಂದಿ ಅಯ್ಯೋ ಪಾಪ ಅಂತಾರ. ನನಗ ಅದು ಬ್ಯಾಡ," ಎಂದು ಗೋಡೆಯ ಕಡೆ ಮುಖ ಮಾಡಿದರು. ಅಪ್ಪನಿಗೆ ಹೇಳುವಂತಿಲ್ಲ, ತಂಗಿಗೆ ತಿಳಿಹೇಳುವಂತಿಲ್ಲ. ಬಾಬಾಜಿಯದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡಾಯಿತು.

ಅವನ ಹತ್ತಿರ ಒಂದು ಕ್ಯಾಸೆಟ್ಟಿತ್ತು. ಮಾವ ಗೋವಿನಜೋಳ ಕೊಳ್ಳಲು ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋದಾಗ ಅಲ್ಲಿಯ ವ್ಯಾಪಾರಿಯೊಬ್ಬನಿಂದ ಟೇಪ್ ರೆಕಾರ್ಡರ್ ತಂದಿದ್ದರು. ಅಪ್ಪನ ಕೈ ಚೆನ್ನಾಗಿದ್ದ ಕಾಲದಲ್ಲಿ ಬಾಬಾಜಿ ಅದನ್ನು ಬೇಡಿ ಒಯ್ದು ದಮ್ಮಾಮವನ್ನು ತುಂಬಿಸಿಕೊಂಡಿದ್ದ. ಈಗ ಕಾರಿನ ಹಿಂದಿನ ಹಲಗೆಗೆ ದೊಡ್ಡ ತೂತು ಕೊರೆದು, ಮುಚ್ಚಿಹೋದ ಟೂರಿಂಗ್ ಟಾಕೀಸೊಂದರ ತಟ್ಟೆಯಗಲದ ಸ್ಪೀಕರ್ ಕೂರಿಸಿ, ಮಾವನ ಟೇಪಿಗೆ ತಂತಿ ಎಳೆದು, ಕ್ಯಾಸೆಟ್ ಹಾಕಿ ತಂಗಿಯನ್ನು ಕರೆದ. ಕೋಲಿನ ಪೆಟ್ಟು ಕಿವಿಗೆ ರಾಚಿತು. ಅಂಗೈಯ ಗುಂ ಎಲ್ಲೂ ಇಲ್ಲ.

"ಇದು ಅಪ್ಪ ಅಲ್ಲ. ಯಾರೋ ಡಬ್ಬಿ ಬಡಿಯಾಕತ್ತಾರ," ಎಂದು ಗಂಗೂ ಎದ್ದು ಹೋದಳು.

ಬಾಬಾಜಿ ಡಿಕ್ಕಿ ತೆರೆದು ಒಳಗೆ ತಲೆ ಹಾಕಿದ. ತುಕ್ಕು ತಿಂದು ತಳವೆಲ್ಲ ಜರಡಿಯಾಗಿತ್ತು; ಸೀಟಿನ ಬೆನ್ನಿಗೂ ಹಲಗೆಗೂ ನಡುವೆ ಕೈ ತೂರುವಷ್ಟು ಸಂದು. ಹೊರಗೆ ಬಂದವನೇ ಮಾವನಿಗೆ ಹೇಳಿದ: "ಹೊಟ್ಟಿ ತೂತಾದ ದಮ್ಮಾಮ ನುಡೀತೈತೇನ್ರಿ ಸಾವಕಾರ್ರ? ಮದಲ ಇದರ ಹೊಟ್ಟಿ ಮುಚ್ಚಬೇಕ್ರಿ."

ತೆಳು ಹಲಗೆ ಕಿತ್ತು ದಪ್ಪ ಸಾಗವಾನಿಯದು ಕೂರಿಸಿದ. ತೂತುಗಳಿಗೆ ತಗಡು ಬಡಿದು, ಸಂದುಗಳಿಗೆ ನಾರು ತುರುಕಿ, ಮೇಲೆ ಡಾಂಬರು ಮೆತ್ತಿದ. ಗಡಗಡ ಅನ್ನುತ್ತಿದ್ದ ಕಡೆಗೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಕೊನೆಗೆ ನೋಡಿದರೆ ಸ್ಪೀಕರ್ ಕೂತ ಹಲಗೆಯ ಮೇಲೆ ಮಡಚಿದ ಹುಡ್ಡು ಇಡಲು ಜಾಗವೇ ಇಲ್ಲ! "ಮಳಿ ಬಂದ್ರ ನಾ ಏನ್ ಛತ್ರಿ ಹಿಡಕೊಂಡು ಕುಂದರ್ಲೇನಲೇ?" ಎಂದು ಮಾವ ಕೂಗಾಡಿದರು. ಕೂಗಾಡುತ್ತಲೇ ಹುಡ್ಡನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದರು. ಗಂಗೂಳ ಹಟ ಅವರಿಗೂ ಗೊತ್ತಿತ್ತು.

ದನಿ ತುಂಬಿಕೊಂಡಿತು, ಆದರೆ ಮಂಕು ಹೋಗಲಿಲ್ಲ. ಮಳೆ ಆಗಷ್ಟೇ ನಿಂತ ದಿನಗಳು. ದಮ್ಮಾಮಕ್ಕೆ ತೇವ ಹಿಡಿದರೆ ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುವುದು ರೂಢಿ, ಚರ್ಮ ಬಿಗಿಯುತ್ತದೆ. ನಮ್ಮ ಶಾಣ್ಯಾ ಬಾಬಾಜಿ ಸ್ಪೀಕರನ್ನೂ ಕಳಚಿ ಮನೆಗೆ ಒಯ್ದು, ಅಂಗಳದಲ್ಲಿ ಹುಲ್ಲಿನ ಬೆಂಕಿ ಮಾಡಿ ಕಾಯಿಸಿದ. ಅದರ ಮೈ ಕಾಗದದ್ದು. ಸುತ್ತಲಿನ ಅಂಚು ಕರಕಾಗಿ ಉದುರಿಬಿತ್ತು.

ಸುದ್ದಿ ಕೇಳಿ ನಾನು ಬೈಯಲೆಂದೇ ಕೇರಿಗೆ ಹೋದೆ. ಹೋಗಿ ನೋಡಿದರೆ ಮುದುಕ ನಗುತ್ತಿದ್ದಾರೆ! ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. "ಕಾಗದಕ್ಕ ಬೆಂಕಿ ತೋರಸ್ತಾರೇನೋ ಖೋಡಿ? ಆಡಿನ ತೊಗಲ ತುಗೊಂಬಾ, ತೆಳ್ಳಂದು," ಅಂದರು. ತೊಗಲನ್ನು ಕಾಲಡಿ ಒತ್ತಿ ಹಿಡಿದು, ಎಡಗೈಯಿಂದಲೇ ಹೆರೆದು ಹೆರೆದು ವೀಳ್ಯದೆಲೆಯಷ್ಟು ತೆಳುವಾಗಿಸಿದರು. ಬಾಬಾಜಿ ಅದರ ಪಟ್ಟಿ ಕತ್ತರಿಸಿ, ಹುಣಸೆಬೀಜದ ಅಂಟಿನಿಂದ ಸುಟ್ಟ ಅಂಚಿಗೆ ಕೂಡಿಸಿದ. ಮೊದಲು ಬಿರುಸಾಗಿದ್ದ ಅಂಚು ಈಗ ಮೆತ್ತಗಾಗಿ, ಸ್ಪೀಕರಿನ ಮೈ ಸಲೀಸಾಗಿ ಹಿಂದೆ ಮುಂದೆ ಆಡತೊಡಗಿತು.

ಮತ್ತೆ ಕೂರಿಸಿ ಹಚ್ಚಿದಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಆ ಗುಂ ಎನ್ನುವುದು ಬೆನ್ನುಹುರಿಯಲ್ಲೇ ಹತ್ತಿ ಬಂತು. ಪಕ್ಕದಲ್ಲಿದ್ದ ಗಂಗೂ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಈಗ ದಾಟ್ತೇನಿ," ಅಂದಳು. ಬಾಬಾಜಿಯನ್ನು ಹಿಡಿಯುವವರಿಲ್ಲ. ಪೇಟೆಯ ಅಂಗಡಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕೇಳಿಸಿದ. ಮದುವೆಯ ದಿನ ಇಡೀ ಜಿಲ್ಲೆಯೇ ತನ್ನ ಕಾರಿನ ದನಿ ಕೇಳಲು ಬರುತ್ತದೆ ಎಂದುಕೊಂಡಿದ್ದ.

ಆ ದಿನ ಗಂಗೂ ಹೊಸ್ತಿಲು ದಾಟಿದಳು, ಕ್ಯಾಸೆಟ್ಟಿನ ದಮ್ಮಾಮಕ್ಕೆ. ಹಿಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ಅವರಪ್ಪ. ಗಂಡಿನ ಕಡೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಾಬಾಜಿ ಸ್ಟೇರಿಂಗಿನ ಹಿಂದೆ ರಾಜನ ಹಾಗೆ ಕೂತಿದ್ದ. ಕಾರು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮುದುಕ, "ಬಾಬಾಜಿ, ಅದನ್ನ ಬಂದ್ ಮಾಡು," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮಗ ಇಷ್ಟು ಒದ್ದಾಡಿ ಮಾಡಿದ್ದನ್ನು ಜನರೆದುರಿಗೆ ನಿಲ್ಲಿಸುವುದೇ?

"ಅದು ಸತ್ತ ಕೈ. ಮಗಳು ಇವತ್ತ ಹೊಂಟಾಳ," ಅಂದರು ಮುದುಕ.

ಬಾಬಾಜಿ ತಿರುಗಿ ಅಪ್ಪನ ಮುಖ ನೋಡಿದ. ಗುಂಡಿ ಒತ್ತಿ ಟೇಪು ನಿಲ್ಲಿಸಿದ. ಮುದುಕ ಸೀಟಿನಲ್ಲೇ ಹೊರಳಿ ಕೂತು, ಹಿಂದಿನ ಸಾಗವಾನಿ ಹಲಗೆಯ ಮೇಲೆ ಎಡ ಅಂಗೈ ಊರಿದರು. ಒಮ್ಮೆ ಬಡಿದರು. ಸುತ್ತ ಮುಚ್ಚಿದ ಆ ಹೊಟ್ಟೆಯೊಳಗಿಂದ ಗುಂ ಎಂದು ದನಿ ಎದ್ದು ಬಂತು. ಮತ್ತೆ ಬಡಿದರು.

ಬಾಬಾಜಿ ಕೆಳಗಿಳಿದು ಹಿಂದಕ್ಕೆ ಹೋದ. ನಟ್ಟು ಬಿಗಿಯುವ ಪಾನಾ ಹಿಡಿದು, ಅಪ್ಪನ ಬಲಗೈ ಬಾರಿಸಬೇಕಿದ್ದ ಕಡೆಯಲ್ಲೆಲ್ಲ ಹಲಗೆಯ ಅಂಚಿಗೆ ಕೋಲಿನ ಪೆಟ್ಟು ಹಾಕತೊಡಗಿದ. "ಬಣ್ಣ ಹೋದೀತಲೇ!" ಎಂದು ಮಾವ ಅಂದದ್ದು ಯಾರಿಗೂ ಕೇಳಲಿಲ್ಲ. ಹೆಂಗಸರು ಕುಣಿಯಲು ಶುರುಮಾಡಿದ್ದರು. ಗಂಗೂ ಮದುಮಗಳೆಂಬುದನ್ನೂ ಮರೆತು ಕಾರಿನಿಂದ ಧುಮುಕಿ ಅವರ ನಡುವೆ ಸೇರಿಕೊಂಡಳು.

ಗಂಡಿನ ಕಡೆಯ ಹಿರಿಯನೊಬ್ಬ ಬಾಬಾಜಿಯ ಕಿವಿಗೆ ಬಗ್ಗಿ, "ಭಾರೀ ಕಾರ ಮಾಡ್ಯಾರಪಾ! ಯಾರ ಕೆಲಸಾ ಇದು?" ಎಂದು ಕೇಳಿದ.

"ಕಾರ ಬಿಡ್ರಿ, ಈ ಕಡೆ ಕೇಳ್ರಿ," ಅಂದ ಬಾಬಾಜಿ, ಪಾನಾ ನಿಲ್ಲಿಸದೆ. "ನಮ್ಮಪ್ಪ ಬಾರಸಾಕತ್ತಾನ."