ಗೇರುಬೀಜದ ಮೇಜು

ನಿನ್ನೆ ಸಂಜೆ ಪುತ್ತೂರಿನ ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಮೆಲ್ಲಗೆ ಸೆರಗು ಮೂಗಿಗೆ ಒತ್ತಿಕೊಂಡರು. ನನಗೇನೂ ಬೇಸರವಾಗಲಿಲ್ಲ. ನನ್ನ ಸೀರೆಗೆ ಗೇರುಬೀಜ ಬೇಯಿಸಿದ ವಾಸನೆ ಉಂಟು; ಯಾವ ಸೋಪಿಗೂ ಅದು ಬಗ್ಗುವುದಿಲ್ಲ. ಆದರೆ ಆ ವಾಸನೆಯ ಜೊತೆ ಸುಮತಿಯಕ್ಕ ನೆನಪಾದರು.

ನರಿಮೊಗರಿನ ಕಡೆಯ ನಮ್ಮ ಫ್ಯಾಕ್ಟರಿಯಲ್ಲಿ ಆಗ ಒಂದು ಉದ್ದ ಮೇಜಿತ್ತು. ಸುಲಿದ ಬೀಜವನ್ನು ಬಿಳಿ, ಕಂದು, ತುಂಡು ಎಂದು ಕಣ್ಣಲ್ಲೇ ನೋಡಿ ಬೇರೆ ಮಾಡುವುದು ನಮ್ಮ ಕೆಲಸ. ಕೈ ಅದರ ಪಾಡಿಗೆ ಓಡುತ್ತಿತ್ತು, ಬಾಯಿ ಅದಕ್ಕಿಂತ ಮುಂದೆ. ನನ್ನದಂತೂ ಎಲ್ಲರಿಗಿಂತ ಮುಂದೆ. ನಾನು ಅರೆಭಾಷೆ, ಬ್ಯಾರಿ ಮಾತು ಕಲಿತದ್ದು ಅಲ್ಲೇ. ಸುಳ್ಯದ ಕಡೆಯಿಂದ ಬಂದು ಒಬ್ಬರೇ ಇದ್ದ ಸುಮತಿಯಕ್ಕ ನನ್ನ ಪಕ್ಕ ಕೂರುತ್ತಿದ್ದರು. ಅವರ ಕಣ್ಣು ಮಂಜಾಗುತ್ತಾ ಬಂದದ್ದು ಮೇಜಿಗೆಲ್ಲ ಗೊತ್ತಿತ್ತು. ಕೆಲಸ ಹೋದೀತೆಂದು ಅವರು ಬಾಯಿ ಬಿಡಲಿಲ್ಲ, ನಾವೂ ಬಿಡಲಿಲ್ಲ. ಅವರ ರಾಶಿಗೆ ತಪ್ಪಿ ಬಿದ್ದದ್ದನ್ನು ಮಾತಿನ ನಡುವೆಯೇ ಹೆಕ್ಕಿ ತೆಗೆಯುತ್ತಿದ್ದೆವು.

ಹಾಗಿರುವಾಗ ಬಣ್ಣ ನೋಡಿ ಬೀಜ ಬೇರ್ಪಡಿಸುವ ಮಿಷನ್ ಬಂತು. "ಯಾರನ್ನೂ ಕೆಲ್ಸದಿಂದ ಬಿಡಿಸುದಿಲ್ಲ" ಎಂದರು ಮ್ಯಾನೇಜರ್. ಮಾತು ಉಳಿಸಿಕೊಂಡರು ಕೂಡ. ಆದರೆ ಒಬ್ಬಳು ಮಿಷನ್ನಿಗೆ ಬೀಜ ಸುರಿಯಲು, ಒಬ್ಬಳು ತೂಕಕ್ಕೆ, ನಾನು ಪ್ಯಾಕಿಂಗಿಗೆ, ಹೀಗೆ ಚದುರಿಹೋದೆವು. ಸುಮತಿಯಕ್ಕನನ್ನು ಡಬ್ಬಗಳಿಗೆ ಚೀಟಿ ಅಂಟಿಸಲು ಹಾಕಿದರು. ಬೇರೆ ಬೇರೆ ದರ್ಜೆಯ ಚೀಟಿಗಳು ಅವರಿಗೆ ಒಂದೇ ಥರ ಕಂಡವು. ತಿದ್ದಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಅವರೇ ಮ್ಯಾನೇಜರ ಎದುರು ಹೋಗಿ ನಿಂತರು. "ನಂಗೆ ಕಣ್ಣು ಕಾಣುದಿಲ್ಲ ಸಾರ್. ಬಿಡಿಸುದಾದ್ರೆ ಬಿಡಿಸಿ."

ಮ್ಯಾನೇಜರ್, "ಮೊದ್ಲು ಡಾಕ್ಟ್ರಿಗೆ ತೋರ್ಸಿ. ಮತ್ತೆ ನೋಡುವ" ಎಂದರು.

ಜೊತೆಗೆ ನಾನೇ ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಇಷ್ಟು ವರ್ಷ ಎಂತ ಮಾಡ್ತಿದ್ರಿ?" ಎಂದು ಡಾಕ್ಟರು ಬೈದರು. ಆಪರೇಷನ್ ಆಗಿ ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದಕ್ಕೆ ತಡವಾಗಿತ್ತು.

ಕೆಲಸಕ್ಕೆ ಮರಳಿದ ದಿನ ಅವರು ನೇರ ಮೇಜಿದ್ದ ಜಾಗಕ್ಕೆ ಹೋದರು. ಅಲ್ಲಿ ಮಿಷನ್ ಗರಗರ ಎನ್ನುತ್ತಿತ್ತು. "ಈಗ ಬೀಜದ ಮೇಲಿನ ಚುಕ್ಕೆಯೂ ಕಾಣ್ತದೆ ಮಾರಾಯ್ತಿ" ಎಂದರು. "ಹೆಕ್ಲಿಕ್ಕೆ ಮಾತ್ರ ಎಂತದ್ದೂ ಇಲ್ಲ." ಕೆಲಸ ಬಿಡುವವರೆಗೂ ಚೀಟಿ ಅಂಟಿಸಿದರು. ಒಂದೂ ತಪ್ಪಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ.

ಇವತ್ತು ಊಟದ ಹೊತ್ತಿಗೆ, ಮಿಷನ್ನಿನ ಹತ್ತಿರ ನಿಲ್ಲುವ ನಸೀಮಾ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕ, ನಂಗೆ ಒಂದು ಕಿವಿ ಸರಿ ಕೇಳುದಿಲ್ಲ. ಯಾರಿಗೂ ಹೇಳ್ಬೇಡಿ."

ಮೊದಲಾದರೆ ಹೂಂ ಎನ್ನುತ್ತಿದ್ದೆ.

"ಕೈ ತೊಳ್ಕೊ. ಮ್ಯಾನೇಜರ ಹತ್ರ ಹೋಗುವ."

"ಕೆಲ್ಸ ಹೋದ್ರೆ?"

ನಾನೂ ಕೈ ತೊಳೆದು ಅವಳ ಜೊತೆ ಹೊರಟೆ.