ಒಂದು ಚೀಲ ಅವರೆಕಾಯಿ

ಮೊನ್ನೆ ಗಾಂಧಿ ಬಜಾರಿನಲ್ಲಿ ಅವರೆಕಾಯಿಯ ರಾಶಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಸೊಗಡು ಮೂಗಿಗೆ ಬಡಿದದ್ದೇ ತಡ, ಅಮ್ಮ ಇದ್ದ ವೃದ್ಧಾಶ್ರಮದ ಅಡುಗೆಯವರು ನೆನಪಾದರು...

ಸೊಂಟದ ಮೂಳೆ ಮುರಿದ ಮೇಲೆ ಅಮ್ಮನನ್ನು ಚಾಮರಾಜಪೇಟೆಯ ಆ ಆಶ್ರಮಕ್ಕೆ ಸೇರಿಸಿದ್ದೆ. ಹನ್ನೆರಡು ಮಂದಿ ಇದ್ದರು, ಎಲ್ಲರ ಊಟವೂ ಅವರವರ ಕೋಣೆಯಲ್ಲೇ. ಪಕ್ಕದ ಕೋಣೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆಂದು ಮೂರು ತಿಂಗಳಾದರೂ ಅಮ್ಮನಿಗೆ ಗೊತ್ತಿರಲಿಲ್ಲ. ನಾನು ಹೋದರೆ ಗೋಡೆ ನೋಡುತ್ತಲೇ, "ಬಂದ್ಯಾ? ಬೇಗ ಹೊರಡು, ಟ್ರಾಫಿಕ್ ಜಾಸ್ತಿ ಆಗುತ್ತೆ" ಎನ್ನುತ್ತಿದ್ದಳು.

ಚಳಿಗಾಲ ಬಂತು. ಅಡುಗೆಯವರು ನಡುಮನೆಯ ದೊಡ್ಡ ಮೇಜಿನ ಮೇಲೆ ಒಂದು ಚೀಲ ಅವರೆಕಾಯಿ ಸುರಿದು, "ಒಬ್ಳ ಕೈಲಿ ಆಗಲ್ಲ, ಸ್ವಲ್ಪ ಬಿಡಿಸಿಕೊಡಿ" ಎಂದು ಕೋಣೆ ಕೋಣೆಗೂ ಹೋಗಿ ಕರೆದರಂತೆ. ಮುಂದಿನ ವಾರ ನಾನು ಹೋದಾಗ ಅಮ್ಮನ ಕೋಣೆ ಖಾಲಿ. ನಡುಮನೆಯಲ್ಲಿ ಟೀಚರ್ ಪಕ್ಕ ಕೂತು, ನೆನೆಸಿದ ಕಾಳು ಹಿತುಕುತ್ತಾ, ಯಾರದೋ ಮದುವೆಯ ಕಥೆ ಹೇಳುತ್ತಿದ್ದಳು. ಬೇಳೆಯೊಂದು ಪುಳಕ್ಕನೆ ಹಾರಿ ಟೀಚರ್ ಕನ್ನಡಕಕ್ಕೆ ಬಡಿಯಿತು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ನನ್ನ ಕಣ್ಣಿಗೆ ಆ ನಗು ಬೀಳಬೇಕಿತ್ತು. ಬಿದ್ದದ್ದು ಅಮ್ಮನ ಕಪ್ಪಾದ ಉಗುರು. "ನಮ್ಮಮ್ಮನ್ನ ಕೆಲಸಕ್ಕೆ ಹಚ್ಚಿದೀರಾ?" ಎಂದು ಮ್ಯಾನೇಜರ್ ಮುಂದೆ ಹಾರಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಡುಗೆಯವರು ಬಾಗಿಲಲ್ಲಿ ತಡೆದರು. "ನಂಗೆ ಆಳು ಬೇಕಿತ್ತು ಅಂದ್ಕೊಂಡ್ರಾ ಮೇಡಂ? ಒಂದು ಚೀಲ ನಾನೊಬ್ಳೇ ಬಿಡಿಸ್ತೀನಿ. ಸುಮ್ನೆ ಬನ್ನಿ ಅಂದ್ರೆ ಇವ್ರು ಯಾರೂ ಆಚೆ ಬರಲ್ಲ. ಕೆಲ್ಸ ಇದೆ ಅಂದ್ರೆ ಬರ್ತಾರೆ."

ನಾನು ಆಟೋ ಹತ್ತಿದೆ.

ಮರುದಿನದಿಂದ ಅಂಗಡಿಯ ಬಿಡಿಸಿದ ಕಾಳೇ ಬಂತು. ಅಮ್ಮ ಮತ್ತೆ ಗೋಡೆ ಕಡೆ ತಿರುಗಿದಳು. ದೂರು ವಾಪಸ್ ತೆಗೆದುಕೊಳ್ಳುವಷ್ಟು ಬುದ್ಧಿ ಬರಲು ನನಗೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಡುಗೆಯವರು ಕೆಲಸ ಬಿಟ್ಟಿದ್ದರು. ನಾನೇ ಒಂದು ಚೀಲ ಕೊಂಡೊಯ್ದು ಮೇಜಿನ ಮೇಲೆ ಸುರಿದೆ. ಅಮ್ಮನೂ ಟೀಚರೂ ಬಂದು ಕೂತರು, ಆದರೆ ಯಾರೂ ಕೈ ಹಾಕಲಿಲ್ಲ.

"ಅಡುಗೆಯವ್ರು ಬರ್ಲಿ, ಆಮೇಲೆ ಶುರು ಮಾಡೋಣ" ಎಂದಳು ಅಮ್ಮ.

ಅಮ್ಮ ಹೋಗಿ ವರ್ಷವಾಯಿತು. ಅಡುಗೆಯವರನ್ನು ಹುಡುಕಿ ತಪ್ಪಾಯಿತು ಎನ್ನೋಣವೆಂದು ಮೊನ್ನೆ ಮನೆಗೆ ಬಂದವಳೇ ಆಶ್ರಮಕ್ಕೆ ಫೋನ್ ಮಾಡಿದೆ. ಈಗಿನ ಮ್ಯಾನೇಜರ್ ಹೊಸಬರು. ಪಾಪ, ಸಹಾಯ ಮಾಡಲು ಸಿದ್ಧರಿದ್ದರು.

"ಹುಡುಕ್ಸೋಣ ಮೇಡಂ. ಅವರ ಹೆಸರು ಹೇಳಿ?"

ನಾನು ಯಾವತ್ತೂ ಕೇಳಿಯೇ ಇರಲಿಲ್ಲ.